ಹೆಬ್ಬೆರಳು

ಎರಡೂ ಹತ್ತು.
ಕನಸೇನೂ ಬಿದ್ದಿರಲಿಲ್ಲ: ಹಾವಿಲ್ಲ, ಪಾಳುಬಾವಿಯಿಲ್ಲ,
ಸತ್ತ ದೊಡ್ಡಮ್ಮ ಅಂಗಳದಿಂದ ಕರೆದದ್ದೂ ಇಲ್ಲ.
ನಿದ್ದೆಯ ಚಾಪೆಯನ್ನು ಯಾರೋ ಸರ್ರನೆ ಎಳೆದ ಹಾಗೆ
ಎದ್ದು ಕೂತಿದ್ದೆ.
ನನಗಿಂತ ಮೊದಲೇ ಎದ್ದ ಎದೆ
ಒಳಗಿನಿಂದ ಬಾಗಿಲು ಬಡಿಯುತ್ತಿತ್ತು.

ಬೆರಳ ತುದಿಗೆ ಜೋಮು. ಗಂಟಲಲ್ಲಿ ಒದ್ದೆ ಬಟ್ಟೆ.
ಸಾಯುತ್ತೇನೆ ಎಂಬುದು ಯೋಚನೆಯಾಗಿ ಬರಲಿಲ್ಲ,
ಆದೇಶವಾಗಿ ಬಂತು,
ಮೊಹರು ಬಿದ್ದು, ಸಹಿಯಾಗಿ.

ಮೊಯ್ದುವಿನ ರಿಕ್ಷಾದಲ್ಲಿ ಒಂದೇ ತಿಂಗಳು ಮೂರು ಸಲ.
ಅಂಗಿಯ ಗುಂಡಿ ತಪ್ಪುತಪ್ಪಾಗಿ ಹಾಕಿಕೊಂಡೇ ಓಡಿಸಿದ,
ಪಾಪ, ಒಮ್ಮೆಯೂ ಬಾಡಿಗೆ ಕೇಳಲಿಲ್ಲ.
ಮೂರು ಇಸಿಜಿ. ಮೂರರಲ್ಲೂ ನನ್ನ ಎದೆ
ಕಾಪಿ ಬರೆಯುವ ಒಳ್ಳೆ ಹುಡುಗಿಯ ಹಾಗೆ
ಗೆರೆ ತಪ್ಪದೆ ನಡೆದಿತ್ತು.
ಅತ್ತೆ, ಗಾಳಿ ಸೋಕಿದೆ ಎಂದರು.
ಗಂಡ, ಐಸ್ ಪ್ಲಾಂಟಿನ ರಾತ್ರಿಪಾಳಿಯಿಂದ, ಗ್ಯಾಸು ಎಂದ.
ಎರಡೂ ಗಾಳಿಯೇ, ನೋಡಿ.

ಹಗಲು ನಾನು ಉಪ್ಪಳ ಪೇಟೆಯಲ್ಲಿ ಅರ್ಜಿ ತುಂಬುವವಳು.
ಮಲಯಾಳದ ಫಾರಮ್ಮು, ಕನ್ನಡದ ಮನುಷ್ಯ,
ನಡುವೆ ನಾನು, ನನ್ನ ನೀಲಿ ಪೆನ್ನು.
“ಸುಗುಣಕ್ಕಾ, ಈ ಚೌಕದಲ್ಲಿ ಎಂತ ಕೇಳಿದ್ದು?”
ಪಿಂಚಣಿಯ ಮುದುಕರಿಂದ, ಬದುಕಿದ್ದೇವೆಂದು,
ವರ್ಷಕ್ಕೊಮ್ಮೆ ಹೆಬ್ಬೆರಳು ಒತ್ತಿಸುವವಳೂ ನಾನೇ.
ರಾತ್ರಿಯಾದರೆ ನನ್ನ ಹೆಬ್ಬೆರಳು
ನನ್ನದೇ ಮಣಿಕಟ್ಟಿನ ಮೇಲೆ:
ಇದ್ದೇನಾ? ಇದ್ದೇನಾ?

ಡಾಕ್ಟರ್ ರಂಸೀನಾ ಕಣ್ಣೂರಿನವರು, ಪ್ರಾಯ ನನಗಿಂತ ಕಡಿಮೆ.
“ಪೇಡಿ,” ಎಂದರು.
ನನಗೆ ಕೇಳಿಸಿದ್ದು ಹೇಡಿ.
ಅವರ ಪಾಲ್ ನಮ್ಮ ಹಾಲು, ಅವರ ಪುಲಿ ನಮ್ಮ ಹುಲಿ,
ಅದೇ ದಾರಿಯಲ್ಲಿ ಬಂದು ಕೆನ್ನೆಗೆ ತಗುಲಿತು ಮಾತು.
ಊರಿಗೆಲ್ಲ ಅರ್ಥ ಹೇಳುವವಳು
ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ.
ಪೇಡಿ ಎಂದರೆ ಹೆದರಿಕೆ. ಬರೀ ಹೆದರಿಕೆ.
ಗೊತ್ತಿತ್ತು ನನಗೆ. ಗೊತ್ತಿದ್ದದ್ದು
ಆ ಹೊತ್ತಿಗೆ ಕೈಗೆ ಸಿಗಲಿಲ್ಲ.

ಮೈ ಒಮ್ಮೊಮ್ಮೆ ತಪ್ಪು ಗಂಟೆ ಬಾರಿಸುತ್ತದಂತೆ, ನಿದ್ದೆಯಲ್ಲೂ.
ನಮ್ಮ ಅಂಗಡಿಯ ಯುಪಿಎಸ್ ನೆನಪಾಯಿತು,
ಕರೆಂಟು ಇದ್ದರೂ ಬೀಪ್ ಬೀಪ್ ಎಂದು ಊರು ಕೂಡಿಸುವಂಥದ್ದು.
ಹತ್ತೋ ಹದಿನೈದೋ ನಿಮಿಷ, ಏರಿ ಇಳಿಯುತ್ತದಂತೆ.
ಓಡಬೇಡಿ. ನಾಡಿ ಹಿಡಿಯಬೇಡಿ.
ಉಸಿರು ಎಳೆಯುವುದಿರಲಿ, ಬಿಡುವುದನ್ನು ನಿಧಾನ ಮಾಡಿ.
ಮಲಗುವುದಕ್ಕೇ ಹೆದರಿ ಎಚ್ಚರ ಕೂರಬೇಡಿ.
ಹೇಳುವುದು ಸುಲಭ.
ಒಂದು ವಾರ ಹನ್ನೆರಡರವರೆಗೂ ನಾನು ಪಾತ್ರೆ ತಿಕ್ಕಿದೆ,
ತಿಕ್ಕಿದ್ದನ್ನೇ.

ದೇಯಿ ಅಜ್ಜಿ ಬಂದದ್ದು ಆ ವಾರ.
ಬೀಡಿ ಸುತ್ತಿ ಸುತ್ತಿ ಅವಳ ಹೆಬ್ಬೆರಳು
ಹೊಳೆಕಲ್ಲಿನಷ್ಟು ನುಣುಪು.
ಮಿಷನ್ನು ಕೆಂಪು ತೋರಿಸಿತು. ಒರೆಸಿ ಒತ್ತಿಸಿದೆ. ಕೆಂಪು.
ಎಣ್ಣೆ ಹಚ್ಚಿ ಒತ್ತಿಸಿದೆ. ಕೆಂಪು.
ಅಜ್ಜಿ ಎಲೆಯಡಿಕೆ ಕೆನ್ನೆಗೆ ಸರಿಸಿ ನಕ್ಕಳು:
“ಅದಕ್ಕೆ ಗೊತ್ತಾಗದಿದ್ರೆ ನಾನೆಂತಕ್ಕೆ ಮಗಾ ಸಾಯೂದು?
ಇರ್ಲಿ, ಕೂತ್ಕೊಳ್ತೇನೆ. ಚಾ ತರ್ಸು.”

ನಿನ್ನೆ ಮತ್ತೆ ಬಂತು.
ಎರಡೂ ಇಪ್ಪತ್ತೈದು, ಸ್ವಲ್ಪ ತಡ.
ಕಾಲು ಕೆಳಗಿಟ್ಟೆ. ಕಾವಿನೆಲ ತಣ್ಣಗಿತ್ತು.
ಸೊಳ್ಳೆಪರದೆಯ ತೇಪೆ ಎಣಿಸಿದೆ, ಆರಕ್ಕೆ ಲೆಕ್ಕ ತಪ್ಪಿತು,
ಮತ್ತೆ ಒಂದರಿಂದ.
ಬಿಸಿ ಚಾ ಆರಿಸುವಷ್ಟು ಸಣ್ಣಗೆ ಉಸಿರು ಊದಿದೆ.
ಗೂಡ್ಸು ಗಾಡಿಯೊಂದು ಮಂಗಳೂರಿನ ಕಡೆ
ಹೋಗುತ್ತಲೇ ಇತ್ತು, ಹೋಗುತ್ತಲೇ ಇತ್ತು,
ಎದೆಯೂ ಅದರ ಜೊತೆ.
ಹೆಬ್ಬೆರಳು ಮಣಿಕಟ್ಟಿನತ್ತ ಹೊರಟಿತ್ತು.
ಮಡಚಿ, ಮುಷ್ಟಿಯೊಳಗೆ ಇಟ್ಟುಕೊಂಡೆ.

ಅತ್ತೆ ಮಗ್ಗುಲಾಗಿ, ಎಂತ, ಎಂದರು.
ಎಂತ ಇಲ್ಲ, ಎಂದೆ,
ಬಂದದ್ದು ಹೋಗ್ತಾ ಉಂಟು.